ಸೇನೆಯಿಂದ ತಾಲ್ಲೂಕು ಕಚೇರಿಗೆ: ಒಬ್ಬ ಮೇಜರ್ ಅವರ ಪ್ರಕರಣ

ಸೇನೆಯಲ್ಲಿ ಅಧಿಕಾರಿಯಾಗಿದ್ದವರು ಸರ್ಕಾರಿ ಕಚೇರಿಗೆ ಬಂದರೆ ಏನಾಗುತ್ತದೆ? ಕೆಲವರು "ಶಿಸ್ತು ಬರುತ್ತೆ ಬಿಡಿ" ಅನ್ನುತ್ತಾರೆ. ಇನ್ನು ಕೆಲವರು "ಮಿಲಿಟರಿ ಮನುಷ್ಯ, ಇಲ್ಲಿ ಒಗ್ಗಲ್ಲ" ಅನ್ನುತ್ತಾರೆ. ಈ ಎರಡೂ ಮಾತು ಅವಸರದ ಮಾತು. ಸೇನೆಯಿಂದ ಬಂದ ಯಾವ ಗುಣ ಕಚೇರಿಯಲ್ಲಿ ಕೆಲಸಕ್ಕೆ ಬಂತು, ಯಾವುದು ಜನರಿಗೆ ನಷ್ಟ ಮಾಡಿತು ಅಂತ ಬಿಡಿಸಿ ನೋಡಿದವರು ಕಡಿಮೆ. ಅದಕ್ಕಾಗಿ ಒಂದೇ ಒಂದು ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿರುವ ಅಧಿಕಾರಿಯನ್ನು ಮೇಜರ್ ಎಂದೇ ಕರೆಯುತ್ತೇನೆ. ಅವರ ಹೆಸರು, ರೆಜಿಮೆಂಟ್, ಬ್ಯಾಚ್, ಜಿಲ್ಲೆ, ತಾಲ್ಲೂಕು ಯಾವುದನ್ನೂ ಹೇಳುವುದಿಲ್ಲ. ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಅವರು ಎದುರಿಸಿದ ಕವಲುಗಳು, ತೆಗೆದುಕೊಂಡ ತೀರ್ಮಾನಗಳು ಮಾತ್ರ ಮುಖ್ಯ.

ಹಿನ್ನೆಲೆ

ಉತ್ತರ ಕರ್ನಾಟಕದ ಎರೆ ಭೂಮಿಯ ಹಳ್ಳಿ. ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹುಡುಗ ಧಾರವಾಡಕ್ಕೆ ಕಾಲೇಜಿಗೆ ಬಂದ, ಎನ್‌ಸಿಸಿ ಸೇರಿದ, 'ಸಿ' ಸರ್ಟಿಫಿಕೇಟ್ ಪಡೆದ. ಈ ಸರ್ಟಿಫಿಕೇಟ್ ಬೆಲೆ ನಮ್ಮ ಹಳ್ಳಿ ಕಡೆಯ ಹುಡುಗರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದರಲ್ಲಿ ಕನಿಷ್ಠ ಬಿ ಗ್ರೇಡ್ ಮತ್ತು ಪದವಿಯಲ್ಲಿ ಶೇ. 50 ಅಂಕ ಇದ್ದರೆ, ಲಿಖಿತ ಪರೀಕ್ಷೆ ಇಲ್ಲದೆಯೇ ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಇಂಗ್ಲಿಷ್ ಪ್ರಶ್ನೆಪತ್ರಿಕೆ ನೋಡಿಯೇ ಹಿಂದೆ ಸರಿಯುವ ಮಕ್ಕಳಿಗೆ ಇದು ದೊಡ್ಡ ಬಾಗಿಲು.

ಎಸ್‌ಎಸ್‌ಬಿ ಬೆಂಗಳೂರಿನಲ್ಲಿ, ಐದು ದಿನ. ಚಿತ್ರ ನೋಡಿ ಕಥೆ ಬರೆಯಬೇಕು. 60 ಪದಗಳು ಒಂದೊಂದಾಗಿ ಪರದೆ ಮೇಲೆ ಬರುತ್ತವೆ, ಪ್ರತಿ ಪದಕ್ಕೆ 15 ಸೆಕೆಂಡ್, ಹೊಳೆದದ್ದನ್ನು ಬರೆಯಬೇಕು. ಮೈದಾನದಲ್ಲಿ ಹಗ್ಗ, ಹಲಗೆ, ಪೀಪಾಯಿ ಕೊಟ್ಟು ಗುಂಪಾಗಿ ಅಡ್ಡಿ ದಾಟಲು ಹೇಳುತ್ತಾರೆ. ಮೊದಲ ಸಲ ಕೊನೆಯ ದಿನದವರೆಗೆ ಹೋಗಿ ವಾಪಸ್ ಬಂದರು. ಎರಡನೇ ಸಲ ಆಯ್ಕೆಯಾದರು.

ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಲ್ಲಿ 49 ವಾರ ತರಬೇತಿ. ಓಟ, ಡ್ರಿಲ್, ಶಿಕ್ಷೆಯ ರಗಡಾ ಎಲ್ಲ ಇದ್ದದ್ದೇ. ಮುಂದಿನ ಕಥೆಗೆ ಬೇಕಾಗಿರುವುದು ಅದಲ್ಲ. ಅಲ್ಲಿ ಕೆಡೆಟ್‌ಗಳ ತಲೆಯೊಳಗೆ ಕೂರಿಸುವ ಒಂದು ಅಭ್ಯಾಸ ಇದೆ. ನಕ್ಷೆ ಮುಂದಿಟ್ಟು "ಎದುರು ಗುಡ್ಡದ ಮೇಲೆ ಶತ್ರು ಇದ್ದಾನೆ, ನಿನ್ನ ಹತ್ತಿರ ಒಂದು ಪ್ಲಟೂನ್ (ಸಣ್ಣ ತುಕಡಿ) ಇದೆ, ಹೇಗೆ ಹೋಗ್ತೀಯ?" ಅಂತ ಕೇಳುತ್ತಾರೆ. ಬೇಕಾದ ಮಾಹಿತಿಯಲ್ಲಿ ಅರ್ಧವೂ ಕೊಟ್ಟಿರುವುದಿಲ್ಲ. ಸಮಯವನ್ನೂ ಬೇಕೆಂದೇ ಕಡಿಮೆ ಕೊಡುತ್ತಾರೆ. ಯೋಜನೆ ತಪ್ಪಾದರೆ ತಿದ್ದುತ್ತಾರೆ. ಯೋಜನೆಯೇ ಇಲ್ಲದಿದ್ದರೆ ಬಿಡುವುದಿಲ್ಲ.

ಆಮೇಲೆ ಆ ಯೋಜನೆಯನ್ನು ಹುಕುಂ ಆಗಿ ಹೇಳಲು ಕಲಿಸುತ್ತಾರೆ. ಅದಕ್ಕೆ ಐದು ಭಾಗ: ಪರಿಸ್ಥಿತಿ ಏನು, ಗುರಿ ಏನು, ಯಾರು ಏನು ಮಾಡಬೇಕು, ಊಟ-ಮದ್ದುಗುಂಡು-ಔಷಧಿ ಎಲ್ಲಿಂದ, ಸಂಪರ್ಕ ಹೇಗೆ. ಕೊನೆಗೆ ಒಂದು ಪ್ರಶ್ನೆ, "ಕೋಯಿ ಶಕ್?" ಯಾರಿಗಾದರೂ ಅನುಮಾನ ಇದೆಯೇ ಅಂತ. ಸಾಮಾನ್ಯವಾಗಿ ಬರುವ ಉತ್ತರ "ನಹೀ ಸಾಬ್". ಈ ಪ್ರಶ್ನೆ ಮತ್ತು ಈ ಉತ್ತರವನ್ನು ನೆನಪಿಟ್ಟುಕೊಳ್ಳಿ.

ಹತ್ತು ವರ್ಷ, ಆಮೇಲೆ ಒಂದು ಲೆಕ್ಕಾಚಾರ

ಕಮಿಷನ್ ಆಗಿ, ಅಂದರೆ ಅಧಿಕಾರಿಯಾಗಿ ನೇಮಕವಾಗಿ, ಪದಾತಿ ದಳ ಸೇರಿದರು. ಲೆಫ್ಟಿನೆಂಟ್, ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್. ಜಮ್ಮು-ಕಾಶ್ಮೀರದಲ್ಲಿ ಒಂದು ಕಂಪನಿಯ ಹೊಣೆ ಹೊತ್ತರು. ಕಂಪನಿ ಅಂದರೆ ಸುಮಾರು 120 ಜವಾನರು. ಅಧಿಕಾರಿಯೂ ಅವರ ಜೊತೆಗೇ ಇರುತ್ತಾನೆ, ಅದೇ ಲಂಗರಿನ ಊಟ, ಅದೇ ಚಳಿ. ಅವನ ಹುಕುಂ ನಡೆಯುವುದು ಭುಜದ ಮೇಲಿನ ಪಟ್ಟಿಯಿಂದ ಮಾತ್ರ ಅಲ್ಲ. ರಾತ್ರಿ ಗಸ್ತಿನಲ್ಲಿ ಅವನೂ ಇರುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ.

ಇನ್ನೊಂದು ಪದ್ಧತಿ ಸೈನಿಕ್ ಸಮ್ಮೇಳನ. ಪಲ್ಟನಿನ (ಬೆಟಾಲಿಯನ್ನಿನ) ಎಲ್ಲರೂ ಒಂದೆಡೆ ಕೂತು ತಮ್ಮ ಕಷ್ಟ, ತಕರಾರುಗಳನ್ನು ಕಮಾಂಡಿಂಗ್ ಆಫೀಸರ್ ಮುಂದೆ ನೇರವಾಗಿ ಹೇಳುವ ಸಭೆ. ರಜೆ ಸಿಗಲಿಲ್ಲ, ಬೂಟು ಸರಿಯಿಲ್ಲ, ಊರಲ್ಲಿ ಜಮೀನಿನ ಜಗಳ ಇದೆ, ಹೀಗೆ. ಹುಕುಂ ಕೊಡುವ ಸೇನೆಯಲ್ಲೇ ಕೇಳಿಸಿಕೊಳ್ಳುವ ಸೇನೆಯೂ ಇದೆ. ಹೊರಗಿನವರಿಗೆ ಕಾಣುವುದು ಮೊದಲನೆಯದು ಮಾತ್ರ.

ಅವರದು ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಗೊತ್ತಾದ ಕೆಲವೇ ವರ್ಷಗಳ ಅಧಿಕಾರಿ ಹುದ್ದೆ. ಅವರು ಸೇರಿದಾಗಿನ ನಿಯಮದಂತೆ ಮೊದಲು 5 ವರ್ಷ, ಆಮೇಲೆ ಇನ್ನೂ 5. (ಈಗ ಆರಂಭದಲ್ಲೇ 10 ವರ್ಷ, ಬೇಕಾದರೆ ಮತ್ತೆ 4.) ಸೇನೆಯಲ್ಲಿ ಅಧಿಕಾರಿಗೆ ಪಿಂಚಣಿ ಬರಬೇಕಾದರೆ 20 ವರ್ಷ ಸೇವೆ ಆಗಬೇಕು. ಹಾಗಾಗಿ ಶಾರ್ಟ್ ಸರ್ವಿಸ್ ಮುಗಿಸಿ ಬರುವವರಿಗೆ ಗ್ರ್ಯಾಚುಯಿಟಿ ಸಿಗುತ್ತದೆ, ಪಿಂಚಣಿ ಇಲ್ಲ. ಮೂವತ್ತಮೂರು-ಮೂವತ್ತನಾಲ್ಕನೇ ವಯಸ್ಸಿಗೆ, ಹೆಂಡತಿ ಮಕ್ಕಳ ಜೊತೆ, ಹೊಸದಾಗಿ ಬದುಕು ಶುರು ಮಾಡಬೇಕು. ಇದರ ಬಗ್ಗೆ ನಮ್ಮಲ್ಲಿ ಮಾತಾಡುವವರು ತುಂಬಾ ಕಡಿಮೆ.

ಇಲ್ಲಿ ಮೊದಲ ಕವಲು. ಏಳನೇ ವರ್ಷದಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯಿಂದ ಒಳ್ಳೆಯ ಸಂಬಳದ ಕೆಲಸ ಬಂತು. ಬಿಟ್ಟು ಹೋಗಲು ಮನಸ್ಸು ಮಾಡಿದ್ದರು. ಪಲ್ಟನಿನ ಕಚೇರಿಯ ಒಬ್ಬ ಹಿರಿಯ ಗುಮಾಸ್ತ ಸುಬೇದಾರ್ ಅವರನ್ನು ಕೂರಿಸಿ ನಿಯಮ ತೋರಿಸಿದರು. ಒಪ್ಪಿಕೊಂಡ ಅವಧಿ ಮುಗಿಸಿ ಹೊರಬಂದರೆ ಮಾಜಿ ಸೈನಿಕ. ಸ್ವಂತ ಕೋರಿಕೆಯ ಮೇಲೆ ಮಧ್ಯದಲ್ಲಿ ಹೊರಬಂದರೆ ಆ ಸ್ಥಾನಮಾನಕ್ಕೇ ಪೆಟ್ಟು. ಅದು ಹೋದರೆ ಸರ್ಕಾರಿ ನೇಮಕಾತಿಯ ವಯಸ್ಸಿನ ಸಡಿಲಿಕೆ ಮತ್ತು ಮೀಸಲಾತಿ ಎರಡೂ ಹೋದವು. ಮೇಜರ್ ಉಳಿದರು. ಆ ಸುಬೇದಾರ್ ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ಕಥೆ ಇರುತ್ತಿರಲಿಲ್ಲ.

ಎರಡನೇ ಕವಲು ಹತ್ತನೇ ವರ್ಷದಲ್ಲಿ. ಇನ್ನೂ ನಾಲ್ಕು ವರ್ಷ ಕೇಳಬೇಕೇ, ಹೊರಗೆ ಬರಬೇಕೇ? ಯುಪಿಎಸ್‌ಸಿ ಸಿವಿಲ್ ಸರ್ವಿಸಸ್‌ನಲ್ಲಿ ಸಾಮಾನ್ಯ ವರ್ಗಕ್ಕೆ ಗರಿಷ್ಠ ವಯಸ್ಸು ಈಗ 32, ಐದು ವರ್ಷವಾದರೂ ಸೇನಾ ಸೇವೆ ಮುಗಿಸಿ ಬಂದವರಿಗೆ 37. ಕೆಪಿಎಸ್‌ಸಿ ಲೆಕ್ಕ ಬೇರೆ. ಸೇನೆಯಲ್ಲಿ ಎಷ್ಟು ವರ್ಷ ಇದ್ದರೋ ಅಷ್ಟಕ್ಕೆ 3 ಸೇರಿಸಿ, ಅಷ್ಟು ವರ್ಷಗಳ ಸಡಿಲಿಕೆ. ತಂದೆಯ ಆರೋಗ್ಯ ಕೆಟ್ಟಿತ್ತು, ಮಗಳು ಶಾಲೆ ಸೇರುವ ವಯಸ್ಸು. ಹತ್ತಕ್ಕೇ ಹೊರಗೆ ಬಂದರು. ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಒಂದು ಕೆಲಸ, ರಾತ್ರಿ ಓದು. ಯುಪಿಎಸ್‌ಸಿ ಒಮ್ಮೆ ಬರೆದರು, ಆಗಲಿಲ್ಲ. ಆಮೇಲೆ ಪೂರ್ತಿ ಕೆಪಿಎಸ್‌ಸಿ ಕಡೆ ತಿರುಗಿದರು.

ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತೇನೆ ಅಂತ ತೀರ್ಮಾನಿಸಿದರು. ಹತ್ತು ವರ್ಷ ಮಾತೆಲ್ಲ ಹಿಂದಿಯಲ್ಲಿ, ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ. ಕೈಬರಹ ನಿಧಾನವಾಗಿತ್ತು, ಒತ್ತಕ್ಷರ ತಪ್ಪುತ್ತಿತ್ತು. ಸ್ನೇಹಿತರು ಬೇಡ ಅಂದರು. ಆದರೆ ತಾಲ್ಲೂಕು ಕಚೇರಿಯಲ್ಲಿ ಟಿಪ್ಪಣಿ, ಆದೇಶ ಎಲ್ಲ ಕನ್ನಡದಲ್ಲೇ ತಾನೆ ಬರೆಯಬೇಕು? ಅದಕ್ಕೆ ಈಗಲೇ ಕೈ ಪಳಗಲಿ ಅನ್ನುವುದು ಅವರ ವಾದ. ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯುತ್ತಮ ತೀರ್ಮಾನಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ.

ಪ್ರಕ್ರಿಯೆ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ಗ್ರೂಪ್ ಬಿ ತಹಶೀಲ್ದಾರ್ ಹುದ್ದೆ ಸಿಕ್ಕಿತು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ತರಬೇತಿ, ನಂತರ ಮಲಪ್ರಭಾ ದಂಡೆಯ ಒಂದು ತಾಲ್ಲೂಕು.

ಸಮಸ್ಯೆ ಶುರುವಾದದ್ದು

ಬಂದ ಮೊದಲ ವಾರದಲ್ಲೇ ಬೆಳಗ್ಗೆ 9ಕ್ಕೆ ಸಭೆ ಶುರು ಮಾಡಿದರು. ತಡವಾಗಿ ಬಂದವರು ನಿಂತೇ ಇರಬೇಕು. ಗ್ರಾಮ ಲೆಕ್ಕಿಗರು ಪ್ರತಿದಿನ ಎಲ್ಲಿದ್ದೀವಿ ಅಂತ ಫೋಟೊ ಕಳಿಸಬೇಕು. ಮೊದಮೊದಲು ಊರಿನ ಜನ ಖುಷಿಪಟ್ಟರು. ಕಚೇರಿ ಚೊಕ್ಕಟವಾಯಿತು, ಬಾಕಿ ಅರ್ಜಿ ಕಡಿಮೆಯಾದವು.

ಆದರೆ ಗ್ರಾಮ ಲೆಕ್ಕಿಗನ ದಿನ ಹೇಗಿರುತ್ತದೆ ಅನ್ನುವುದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಒಬ್ಬನ ಕೈಯಲ್ಲಿ ಹಲವು ಹಳ್ಳಿ. ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿಯ ಪರಿಶೀಲನೆ, ಜಾತಿ-ಆದಾಯ ಪತ್ರದ ವರದಿ, ಚುನಾವಣೆ ಕೆಲಸ, ಜಾತ್ರೆ ಬಂದೋಬಸ್ತು, ಮಂತ್ರಿ ಬಂದರೆ ಅದೂ. ರೈತರು ಹೊಲಕ್ಕೆ ಹೋಗುವ ಮೊದಲು ಸಿಗುತ್ತಾರೆ, ಇಲ್ಲವೇ ಸಂಜೆ ಸಿಗುತ್ತಾರೆ. ಬೆಳಗ್ಗೆ 9ಕ್ಕೆ ತಾಲ್ಲೂಕಿಗೆ ಬಂದು ನಿಂತರೆ ಹಳ್ಳಿಯ ಕೆಲಸದ ಒಳ್ಳೆಯ ಹೊತ್ತೇ ಹೋಯಿತು. ಯಾರೂ ಇದನ್ನು ಹೇಳಲಿಲ್ಲ. ಇಬ್ಬರು ವೈದ್ಯಕೀಯ ರಜೆ ಹಾಕಿದರು.

ಮೊದಲ ಪೆಟ್ಟು ಒಂದು ಬಂಡಿದಾರಿ ವಿಷಯದಲ್ಲಿ ಬಿತ್ತು. ಒಬ್ಬ ದೊಡ್ಡ ಹಿಡುವಳಿದಾರ ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದ. ಹತ್ತಾರು ಸಣ್ಣ ರೈತರಿಗೆ ಹೊಲಕ್ಕೆ ಹೋಗಲು ಜಾಗ ಇರಲಿಲ್ಲ. ಮೇಜರ್ ಸ್ಥಳಕ್ಕೆ ಹೋದರು, ನಕ್ಷೆ ನೋಡಿದರು, ಅಲ್ಲೇ ಬಾಯಿಮಾತಿನಲ್ಲಿ ಹುಕುಂ ಕೊಟ್ಟು ಜೆಸಿಬಿ ತರಿಸಿ ದಾರಿ ಬಿಡಿಸಿದರು. ಜನ ಚಪ್ಪಾಳೆ ತಟ್ಟಿದರು. ಆ ಹಿಡುವಳಿದಾರ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ. ನೋಟಿಸ್ ಇಲ್ಲ, ಅಳತೆ ವರದಿ ಇಲ್ಲ, ಅವನ ಹೇಳಿಕೆ ಇಲ್ಲ. ಮೇಜರ್ ಮಾಡಿದ್ದು ನ್ಯಾಯವೇ. ಕಾಗದದ ಮೇಲೆ ಅದಕ್ಕೆ ಆಧಾರ ಇರಲಿಲ್ಲ. ದಾರಿ ಮತ್ತೆ ಮುಚ್ಚಿತು, ಸಣ್ಣ ರೈತರು ಇನ್ನೊಂದು ಹಂಗಾಮು ಕಾದರು.

ಸೇನೆಯಲ್ಲಿ ತೀರ್ಮಾನ ಸರಿಯಾಗಿದ್ದರೆ ಸಾಕು, ಅದು ಆ ಕ್ಷಣವೇ ಕೆಲಸ ಮಾಡುತ್ತದೆ. ಕಂದಾಯ ಕಚೇರಿಯ ಆದೇಶವನ್ನು ಒಪ್ಪದ ಮನುಷ್ಯನೂ ಓದುತ್ತಾನೆ, ಅವನ ವಕೀಲ ಓದುತ್ತಾನೆ, ಮೇಲ್ಮನವಿಯಲ್ಲಿ ಉಪವಿಭಾಗಾಧಿಕಾರಿ ಓದುತ್ತಾರೆ, ಐದು ವರ್ಷದ ಮೇಲೆ ಆಡಿಟ್‌ನವರು ಓದುತ್ತಾರೆ. ಅವರೆಲ್ಲರ ಮುಂದೆ ಅದು ನಿಲ್ಲಬೇಕು. ಇಷ್ಟನ್ನು ಮೇಜರ್ ಬೇಗ ಕಲಿತರು. ಆದರೆ ಇದಕ್ಕಿಂತ ಕಷ್ಟದ ಪಾಠ ಮಳೆಯ ಜೊತೆ ಬಂತು.

2019ರ ಆಗಸ್ಟ್

ಆ ವರ್ಷದ ಆಗಸ್ಟ್ ಮೊದಲ ಭಾಗದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ಎಲ್ಲ ಉಕ್ಕಿದ್ದು ಓದುಗರಿಗೆ ನೆನಪಿರುತ್ತದೆ. ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತ್ತು. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ದಂಡೆಯ ಹಳ್ಳಿಗಳಿಗೆ ಸಿಕ್ಕ ಸಮಯ ಕಡಿಮೆ.

ಇಲ್ಲಿ ಮೇಜರ್ ತರಬೇತಿ ಹೊಳೆಯಿತು. ಅವರು ಜೂನ್ ತಿಂಗಳಲ್ಲೇ ದಂಡೆಯ ಹಳ್ಳಿಗಳನ್ನು ನಡೆದು ನೋಡಿದ್ದರು. ಯಾವ ಶಾಲೆ ಎತ್ತರದಲ್ಲಿದೆ, ಯಾರ ಹತ್ತಿರ ಟ್ರ್ಯಾಕ್ಟರ್ ಇದೆ, ಯಾವ ಮೀನುಗಾರರ ತೆಪ್ಪ ಗಟ್ಟಿ, ಯಾವ ಮನೆಯಲ್ಲಿ ತುಂಬು ಗರ್ಭಿಣಿ, ಯಾವ ಮನೆಯಲ್ಲಿ ಎದ್ದು ನಡೆಯಲಾರದ ಮುದುಕರು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಇತ್ತು. ಮುಖ್ಯವಾದ ಇನ್ನೊಂದು ವಿಷಯವನ್ನೂ ಅವರು ಗಮನಿಸಿದ್ದರು. ನಮ್ಮ ಜನ ದನ ಬಿಟ್ಟು ಬರುವುದಿಲ್ಲ. ಅದಕ್ಕೆ ದನಗಳಿಗೂ ಎತ್ತರದ ಜಾಗ, ಮೇವು ಗೊತ್ತು ಮಾಡಿಟ್ಟಿದ್ದರು. ಹಾಗಾಗಿ "ಮನಿ ಬಿಟ್ಟು ಬರೂದಿಲ್ಲ" ಅಂತ ಹಟ ಹಿಡಿದವರೂ ಎತ್ತು ಹೊಡಕೊಂಡು ಹೊರಟರು. ಕತ್ತಲಾಗುವ ಮೊದಲು ತಗ್ಗಿನ ಹಳ್ಳಿಗಳು ಖಾಲಿಯಾದವು. ಅವರ ತಾಲ್ಲೂಕಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಐದು ಭಾಗದ ಹುಕುಂ ಅವತ್ತು ಅಕ್ಷರಶಃ ಜೀವ ಉಳಿಸಿತು. ಅದನ್ನು ಯಾರೂ ಅಲ್ಲಗಳೆಯಲಾರರು.

ನೀರು ಇಳಿಯಿತು. ಪ್ರತಿ ಕುಟುಂಬಕ್ಕೆ ತಕ್ಷಣದ ನೆರವು 10,000 ರೂಪಾಯಿ. ಮನೆ ಹಾನಿಗೆ ಬೇರೆ ಲೆಕ್ಕ. ಶೇ. 75ಕ್ಕಿಂತ ಹೆಚ್ಚು ಹಾನಿಯಾದರೆ ಎ ವರ್ಗ, 25ರಿಂದ 75 ಬಿ ವರ್ಗ, 15ರಿಂದ 25 ಸಿ ವರ್ಗ. ಎ ವರ್ಗಕ್ಕೆ ಹೊಸ ಮನೆ ಕಟ್ಟಲು ಕಂತುಗಳಲ್ಲಿ 5 ಲಕ್ಷ. ಸಿ ವರ್ಗಕ್ಕೆ ಅದರ ಒಂದು ಸಣ್ಣ ಪಾಲು. ಅಂದರೆ ಒಂದು ಅಕ್ಷರದಲ್ಲಿ ಒಂದು ಕುಟುಂಬದ ಹತ್ತು ವರ್ಷದ ಬದುಕು ಇತ್ತು.

ಮೇಜರ್ ಸಭೆ ಕರೆದು ಹೇಳಿದರು: ಗ್ರಾಮ ಲೆಕ್ಕಿಗ, ಗ್ರಾಮ ಪಂಚಾಯಿತಿಯ ಪಿಡಿಒ, ಇಂಜಿನಿಯರ್ ಮೂವರ ತಂಡ. ಐದು ದಿನದಲ್ಲಿ ಸಮೀಕ್ಷೆ ಮುಗಿಯಬೇಕು. ಜನ ರಸ್ತೆ ಮೇಲೆ ಇದ್ದಾರೆ, ತಡ ಮಾಡುವುದು ಪಾಪ. ಯಾರಿಗಾದರೂ ಏನಾದರೂ ಕೇಳುವುದಿದೆಯೇ?

ಯಾರೂ ಏನೂ ಕೇಳಲಿಲ್ಲ. ಐದು ದಿನದಲ್ಲಿ ಪಟ್ಟಿ ಬಂತು. ಜಿಲ್ಲೆಯಲ್ಲೇ ಮೊದಲು ಮುಗಿಸಿದ ತಾಲ್ಲೂಕುಗಳಲ್ಲಿ ಇದೂ ಒಂದು. ವಿವರಗಳು ತಂತ್ರಾಂಶಕ್ಕೆ ಸೇರಿದವು.

ಆಮೇಲೆ ಬಿಸಿಲು ಬಿತ್ತು. ಮನೆಗಳು ಬೀಳತೊಡಗಿದವು.

ಈ ಭಾಗದ ಹಳೆಯ ಮನೆಗಳು ಮಣ್ಣಿನ ಗೋಡೆಯವು, ಮೇಲೆ ಮಣ್ಣಿನ ಮಾಳಿಗೆ. ದಿನಗಟ್ಟಲೆ ನೀರಲ್ಲಿ ನಿಂತ ಗೋಡೆ ನೆನೆದು ಉಬ್ಬುತ್ತದೆ. ಆದರೂ ನಿಂತಿರುತ್ತದೆ. ಒಣಗುವಾಗ ಹೊರಮೈ ಬೇಗ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಬಿರುಕು ಬಿಡುತ್ತದೆ. ಮೇಲೆ ಮಾಳಿಗೆಯ ಭಾರ. ಎರಡು-ಮೂರು ವಾರ ಕಳೆದ ಮೇಲೆ, ಒಂದು ದಿನ ಸುಮ್ನೆ ಕುಸಿಯುತ್ತದೆ. ಮೊದಲ ವಾರದಲ್ಲಿ ನೋಡಿದವರಿಗೆ ನಿಂತ ಗೋಡೆ ಕಂಡಿತ್ತು, ಸಿ ಅಂತ ಬರೆದರು. ತಿಂಗಳ ಕೊನೆಗೆ ಅದೇ ಮನೆ ನೆಲಸಮ. ತಂತ್ರಾಂಶದಲ್ಲಿ ಮಾತ್ರ ಸಿ.

ಏನೇನು ಮಾಡಿ ನೋಡಿದರು

ಒಬ್ಬ ವಿಧವೆ ತಾಯಿಯ ಮನೆ ಹೀಗೆ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಊರಿನವರು ಕಚೇರಿಗೆ ಮುತ್ತಿಗೆ ಹಾಕಿದರು. ಲೆಕ್ಕಿಗ ಬೇಜವಾಬ್ದಾರಿಯಿಂದ ಬರೆದಿದ್ದಾನೆ ಅಂತ ಮೇಜರ್‌ಗೆ ಅನಿಸಿತು. ಕಾರಣ ಕೇಳಿ ನೋಟಿಸ್ ಕೊಟ್ಟರು. ಮರುದಿನ ಗ್ರಾಮ ಲೆಕ್ಕಿಗರೆಲ್ಲ ಒಟ್ಟಾಗಿ ಮನವಿ ಪತ್ರ ತಂದು ಮೇಜಿನ ಮೇಲಿಟ್ಟರು. ಕೆಲಸ ನಿಂತಿತು. ಬೀಳುವ ಮನೆಗಳು ನಿಲ್ಲಲಿಲ್ಲ.

ಆ ರಾತ್ರಿ ಕಚೇರಿಯಲ್ಲಿ ಉಳಿದವರು ಇಬ್ಬರೇ, ಮೇಜರ್ ಮತ್ತು ನಿವೃತ್ತಿಗೆ ಹತ್ತಿರವಿದ್ದ ಶಿರಸ್ತೇದಾರರು. ಶಿರಸ್ತೇದಾರರು ಬಾಯಿ ಬಿಟ್ಟರು.

"ಸಾಹೇಬ್ರ, ಆ ಹುಡುಗನ ತಪ್ಪಲ್ರಿ ಅದು. ಮಣ್ಣಿನ ಗ್ವಾಡಿ ನೀರಾಗ ನಿಂತಾಗ ಬೀಳೂದಿಲ್ರಿ. ಬಿಸಲಿಗೆ ಒಣಗಾಕತ್ತಿದ ಮ್ಯಾಲೆ ಬೀಳ್ತಾವ. 2009ರಾಗೂ ಹಿಂಗ ಆಗಿತ್ರಿ. ನಮಗೆಲ್ಲಾ ಗೊತ್ತೈತಿ."

"ಗೊತ್ತಿದ್ರ ಅವತ್ತ ಸಭಾದಾಗ ಯಾಕ ಹೇಳಲಿಲ್ರಿ?"

"ನೀವು ಐದು ದಿನ ಅಂದ್ರಿ. ಏನಾರ ಕೇಳೂದೈತೇನು ಅಂತನೂ ಅಂದ್ರಿ. ಆದ್ರ ಅದು ಕೇಳೂ ಧಾಟಿ ಇರ್ಲಿಲ್ರಿ. ಮಾತ ಮುಗೀತು, ಏಳ್ರಿ ಅನ್ನೂ ಧಾಟಿ ಇತ್ತು."

ಇದು ಈ ಪ್ರಕರಣದ ತಿರುವು. ಮೇಜರ್ ಇದನ್ನು ಹೇಳುವಾಗ ಇಂದಿಗೂ ದನಿ ತಗ್ಗಿಸುತ್ತಾರೆ. ಹತ್ತು ವರ್ಷ "ಕೋಯಿ ಶಕ್?" ಅಂತ ಕೇಳಿದ್ದರು. ಪಲ್ಟನಿನಲ್ಲಿ "ನಹೀ ಸಾಬ್" ಅಂದರೆ ಅರ್ಥವಾಯಿತು, ಹೊರಟೆವು ಎಂದು. ಇಲ್ಲಿ ಮೌನಕ್ಕೆ ಬೇರೆ ಅರ್ಥ ಇತ್ತು. ಊರಿನ ಮಣ್ಣು ಬಲ್ಲವರ ನಡುವೆ ನಿಂತು, ಅವರ ಬಾಯಿಯನ್ನು ತಾವೇ ಮುಚ್ಚಿಸಿದ್ದರು. ಬೇಗ ಮುಗಿಸುವುದೇ ಜನರಿಗೆ ಒಳ್ಳೆಯದು ಅಂತ ಪ್ರಾಮಾಣಿಕವಾಗಿ ನಂಬಿದ್ದರು. ಆ ವೇಗವೇ ಬಡವರ ಮನೆಯನ್ನು ಸಿ ವರ್ಗಕ್ಕೆ ತಳ್ಳಿತ್ತು.

ಮರುದಿನ ಮೊದಲು ಮಾಡಿದ ಕೆಲಸ, ನೋಟಿಸ್ ಹಿಂತೆಗೆದುಕೊಂಡದ್ದು. ಬಾಯಿಮಾತಿನಲ್ಲಿ ಅಲ್ಲ, ಕಡತದಲ್ಲಿ, ಕಾರಣ ಬರೆದು. ಆ ಯುವಕನ ಸೇವಾ ದಾಖಲೆಯಲ್ಲಿ ಕಲೆ ಉಳಿಯಬಾರದು ಅನ್ನುವ ಎಚ್ಚರ ಅದರಲ್ಲಿತ್ತು.

ಎರಡನೆಯದು ಸಭೆಯ ರೀತಿ ಬದಲಿಸಿದ್ದು. ಇಲ್ಲಿ ಅವರಿಗೆ ನೆರವಾದದ್ದು ಮತ್ತೆ ಸೇನೆಯೇ. ಸೇನೆಯ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲಿ ಸದಸ್ಯರ ಅಭಿಪ್ರಾಯ ಕೇಳುವಾಗ ಎಲ್ಲರಿಗಿಂತ ಕಿರಿಯರಿಂದ ಶುರು ಮಾಡುತ್ತಾರೆ. ಹಿರಿಯರು ಮೊದಲು ಮಾತಾಡಿದರೆ ಕಿರಿಯರು ಅದನ್ನೇ ಹೇಳಿಬಿಡುತ್ತಾರೆ ಅನ್ನುವ ಕಾರಣಕ್ಕೆ. ಮೇಜರ್ ಇದನ್ನು ತಾಲ್ಲೂಕು ಸಭೆಗೆ ತಂದರು. ಹೊಸದಾಗಿ ಸೇರಿದ ಲೆಕ್ಕಿಗ ಮೊದಲು, ತಹಶೀಲ್ದಾರ್ ಕೊನೆಗೆ. ಬೆಳಗ್ಗೆ 9ರ ಸಭೆ ನಿಂತಿತು. ಬದಲಿಗೆ ವಾರಕ್ಕೊಮ್ಮೆ ಸಂಜೆ ಸಭೆ, ಸೈನಿಕ್ ಸಮ್ಮೇಳನದ ಮಾದರಿಯಲ್ಲಿ. ಮೊದಲ ಸಭೆಯಲ್ಲೇ ಒಬ್ಬ ಲೆಕ್ಕಿಗ ಎದ್ದು, ಪಟ್ಟಿಯಲ್ಲಿರುವ ಕೆಲವು ಎ ವರ್ಗದ ಮನೆಗಳು ಮನೆಗಳೇ ಅಲ್ಲ, ಪ್ರಭಾವಿಗಳ ದನದ ಕೊಟ್ಟಿಗೆ ಅಂತ ಹೇಳಿದರು. ಅಲ್ಲಿವರೆಗೆ ಆ ಮಾತು ಆಡಲು ಯಾರಿಗೂ ಧೈರ್ಯ ಇರಲಿಲ್ಲ.

ಮೂರನೆಯದು ಕಾಗದದ ಕೆಲಸ. ಮರುಸಮೀಕ್ಷೆಗೆ ಅನುಮತಿ ಬೇಕಿತ್ತು. ತಾಲ್ಲೂಕು ಮಟ್ಟದಲ್ಲಿ ವರ್ಗ ಬದಲಿಸುವ ಹಾಗಿರಲಿಲ್ಲ. ಮೊದಲು ಕಳಿಸಿದ ಪ್ರಸ್ತಾವ ವಾಪಸ್ ಬಂತು. "ಮನೆವಾರು ಪಂಚನಾಮೆ ಇಲ್ಲ" ಅನ್ನುವ ಆಕ್ಷೇಪ. ಹಳೆಯ ಮೇಜರ್ ಆಗಿದ್ದರೆ ಫೋನ್ ಎತ್ತಿ ಜಗಳ ಆಡುತ್ತಿದ್ದರೇನೋ. ಈ ಸಲ ಕೂತು ಬರೆದರು. ಮಣ್ಣಿನ ಗೋಡೆ ತಡವಾಗಿ ಏಕೆ ಬೀಳುತ್ತದೆ ಅನ್ನುವುದಕ್ಕೆ ಇಂಜಿನಿಯರ್ ಅವರ ತಾಂತ್ರಿಕ ಟಿಪ್ಪಣಿ. ಪ್ರತಿ ಮನೆಗೆ ಅಕ್ಕಪಕ್ಕದವರ ಸಹಿಯ ಪಂಚನಾಮೆ. ದಿನಾಂಕ ಕಾಣುವ ಫೋಟೊ. ಮೊದಲ ಸಮೀಕ್ಷೆ ಯಾವ ದಿನ, ಕುಸಿದದ್ದು ಯಾವ ದಿನ ಅನ್ನುವ ಪಟ್ಟಿ. ಮೊದಲ ಸಮೀಕ್ಷೆಯ ಗಡುವು ತಮ್ಮದೇ, ಸಿಬ್ಬಂದಿಯ ತಪ್ಪು ಇಲ್ಲ ಅನ್ನುವ ಸಾಲನ್ನೂ ಸೇರಿಸಿದರು. ಅದು ಬೇಡ, ನಾಳೆ ನಿಮಗೇ ತೊಂದರೆ ಅಂತ ಶಿರಸ್ತೇದಾರರು ಎಷ್ಟು ಹೇಳಿದರೂ ತೆಗೆಯಲಿಲ್ಲ. ಕಂಪನಿ ಕಮಾಂಡರ್ ತನ್ನ ಜವಾನರ ಮುಂದೆ ನಿಲ್ಲುವುದು ಅಂದರೆ ಇದೇ. ಅದು ಅವರ ರಕ್ತದಲ್ಲಿತ್ತು.

ಅನುಮತಿ ಬಂತು. ಅಕ್ಟೋಬರ್‌ನಲ್ಲಿ ಮತ್ತೆ ಜೋರು ಮಳೆ ಆದದ್ದರಿಂದ ಕೆಲಸ ಇನ್ನಷ್ಟು ಎಳೆಯಿತು. ಹೊಸ ಪಟ್ಟಿಯನ್ನು ಊರೂರಿಗೆ ಹೋಗಿ, ಮೊದಲೇ ಡಂಗುರ ಸಾರಿಸಿ, ಶಾಲೆ ಅಂಗಳದಲ್ಲಿ ಗಟ್ಟಿಯಾಗಿ ಓದಿದರು. ಸೇರಿದ ಹೆಸರು ಮಾತ್ರ ಅಲ್ಲ, ಬಿಟ್ಟ ಹೆಸರನ್ನೂ ಓದಿದರು, ಬಿಟ್ಟದ್ದೇಕೆ ಅನ್ನುವ ಒಂದು ಸಾಲಿನ ಕಾರಣದ ಜೊತೆ. ಗಲಾಟೆ ಆಗುತ್ತದೆ ಅಂತ ಎಲ್ಲರೂ ಹೆದರಿದ್ದರು. ಕೂಗಾಟ ಆಯಿತು, ನಿಜ. ಆದರೆ ಕಾರಣ ಕೇಳಿದ ಮೇಲೆ ಹೆಚ್ಚಿನವರು "ಆತು, ಅರ್ಜಿ ಕೊಡ್ತೀವಿ" ಅಂತ ಎದ್ದರು.

ಫಲ

ತಡವಾಗಿ ಬಿದ್ದ ಹೆಚ್ಚಿನ ಮನೆಗಳ ವರ್ಗ ಬದಲಾಯಿತು. ವಿಧವೆ ತಾಯಿಗೆ ಮನೆ ಮಂಜೂರಾಯಿತು. ಕೊಟ್ಟಿಗೆಗಳು ಪಟ್ಟಿಯಿಂದ ಹೋದವು. ಅದರ ಬೆನ್ನಲ್ಲೇ ಮೇಜರ್ ಮೇಲೆ ದೂರು, ವಿಚಾರಣೆ. ಪ್ರತಿ ಹೆಸರಿನ ಹಿಂದೆ ಕಾಗದ ಇದ್ದದ್ದರಿಂದ ವಿಚಾರಣೆ ಅಲ್ಲಿಗೇ ಮುಗಿಯಿತು. ಬಂಡಿದಾರಿಯ ಕಡತವನ್ನೂ ಮೊದಲಿನಿಂದ, ನೋಟಿಸ್‌ನಿಂದ ಹಿಡಿದು, ಮತ್ತೆ ನಡೆಸಿದರು. ಈ ಸಲ ದಾರಿ ತೆರೆಯಿತು, ತೆರೆದೇ ಉಳಿಯಿತು.

ಎಲ್ಲವೂ ಸರಿಹೋಗಲಿಲ್ಲ. ಕೆಲವು ಕುಟುಂಬಗಳು ವಾಲಿದ ಗೋಡೆ ಮಕ್ಕಳ ಮೇಲೆ ಬಿದ್ದೀತೆಂದು ಹೆದರಿ ತಾವೇ ಕೆಡವಿದ್ದರು. ಪಂಚನಾಮೆ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ. ಪಾಲು ಆಗದ ಮನೆಗಳದು ಇನ್ನೊಂದು ಗೋಳು, ಅಣ್ಣನ ಹೆಸರಲ್ಲಿ ದಾಖಲೆ, ತಮ್ಮನ ಸಂಸಾರ ಒಳಗೆ. ಇಂಥವರಲ್ಲಿ ಹಲವರಿಗೆ ಸಿ ವರ್ಗದ ಹಣವೇ ಗತಿಯಾಯಿತು. ಮೊದಲ ಸಮೀಕ್ಷೆಗೆ ಇನ್ನೂ ಮೂರು ವಾರ ಕೊಟ್ಟಿದ್ದರೆ, ಇಲ್ಲವೇ ಆ ಪಟ್ಟಿಯನ್ನು ತಾತ್ಕಾಲಿಕ ಅಂತ ಇಟ್ಟುಕೊಂಡಿದ್ದರೆ, ಇವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು. ನನಗೆ ಈ ಪ್ರಕರಣದಲ್ಲಿ ತುಂಬಾ ನೋವು ಕೊಡುವ ಭಾಗ ಇದು.

ಇದರಿಂದ ಏನು ತಿಳಿಯುತ್ತದೆ

ಮೇಜರ್ ತಮ್ಮನ್ನು ಬದಲಿಸಿಕೊಂಡು ಸಿವಿಲಿಯನ್ ಆದರು, ಆಮೇಲೆ ಎಲ್ಲ ಸರಿಹೋಯಿತು ಅಂತ ಈ ಕಥೆಯನ್ನು ಓದಬಾರದು. ಪ್ರವಾಹದ ದಿನ ಜೀವ ಉಳಿಸಿದ್ದೂ ಸೇನೆಯ ಪಾಠ, ಸಿಬ್ಬಂದಿಯನ್ನು ಮಾತಾಡಿಸಿದ್ದೂ ಸೇನೆಯ ಪಾಠ. ಎಡವಿದ್ದು, ಯಾವ ಪಾಠ ಯಾವ ಹೊತ್ತಿಗೆ ಅನ್ನುವುದರಲ್ಲಿ. ನೀರು ಏರುತ್ತಿರುವಾಗ ಚರ್ಚೆಗೆ ಸಮಯ ಇಲ್ಲ. ನೀರು ಇಳಿದ ಮೇಲೆ ಹಂಚಿಕೆಯ ಕೆಲಸ ಶುರುವಾಗುತ್ತದೆ. ಹಂಚಿಕೆಯಲ್ಲಿ ಸಿಗದವನಿಗೂ ಉತ್ತರ ಕೊಡಬೇಕು. ಈ ಗೆರೆ ದಾಟಿದ್ದು ಅಧಿಕಾರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅದೇ ಮೇಜು, ಅದೇ ಸಿಬ್ಬಂದಿ, ಅದೇ ಅವಸರ.

ಹುಕುಂ ನಡೆಯದ ಜಾಗದಲ್ಲಿ ಸೈನಿಕನೊಬ್ಬ ಕೂರಬೇಕಾಗಿ ಬಂದದ್ದು ಹೊಸದೇನಲ್ಲ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1953ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿದ್ದರು. ತಮ್ಮ ದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧ ಕೈದಿಗಳ ಪ್ರಶ್ನೆ. ಆಯೋಗದಲ್ಲಿ ಒಂದು ಕಡೆ ಸ್ವೀಡನ್, ಸ್ವಿಟ್ಜರ್ಲೆಂಡ್, ಇನ್ನೊಂದು ಕಡೆ ಪೋಲೆಂಡ್, ಚೆಕೊಸ್ಲೊವಾಕಿಯಾ, ನಡುವೆ ಭಾರತ. ಅಲ್ಲಿ ಯಾರೂ ಅವರ ಕೈಕೆಳಗಿನವರಲ್ಲ. 1962ರ ಯುದ್ಧದ ಹೊತ್ತಿನಲ್ಲಿ ಮತ್ತು ನಂತರ ತುರ್ತು ಕಮಿಷನ್ ಪಡೆದ ಎಷ್ಟೋ ಅಧಿಕಾರಿಗಳು ಮುಂದೆ ಐಎಎಸ್, ಐಪಿಎಸ್ ಸೇರಿದರು. ಇಷ್ಟು ಹಳೆಯ ದಾರಿ ಇದ್ದರೂ, ಸೇನೆ ಬಿಟ್ಟು ಬರುವ ಅಧಿಕಾರಿಗೆ ಕಡತದ ಬದುಕನ್ನು ಹೇಳಿಕೊಡುವ ಕೆಲಸವನ್ನು ನಾವು ಇನ್ನೂ ಶಿರಸ್ತೇದಾರರ ಒಳ್ಳೆಯತನಕ್ಕೆ ಬಿಟ್ಟಿದ್ದೇವೆ. ತರಬೇತಿಯಲ್ಲಿ ಕಾಯ್ದೆ ಕಲಿಸುತ್ತಾರೆ. ಒಬ್ಬ ಗ್ರಾಮ ಲೆಕ್ಕಿಗನ ಬೆನ್ನಿಗೆ ಒಂದು ತಿಂಗಳು ತಿರುಗಾಡಲು ಬಿಟ್ಟರೆ ಇನ್ನೂ ಜಾಸ್ತಿ ಉಪಯೋಗ ಆದೀತು.

ಇನ್ನು ಹೊಟ್ಟೆಪಾಡಿನ ಮಾತು. ಸೇನೆಯ ಹತ್ತು ವರ್ಷಕ್ಕೆ ಪಿಂಚಣಿ ಇಲ್ಲ. ರಾಜ್ಯ ಸರ್ಕಾರಕ್ಕೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ, ತಾವೂ ಹಣ ಕಟ್ಟಬೇಕಾದ ಎನ್‌ಪಿಎಸ್ ಮಾತ್ರ. ಈ ದಾರಿ ಹಿಡಿಯುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಬೇಕು. ಬಿಡುಗಡೆಗೆ ಎರಡು ವರ್ಷ ಮೊದಲೇ ಹಾಕಬೇಕು. ನಿಯಮ ಪುಸ್ತಕವನ್ನು ತಾವೇ ಓದಬೇಕು, ಯಾರೋ ಹೇಳಿದ್ದನ್ನು ನಂಬಿ ಕೂರಬಾರದು.

ಮುಂದೆ ಮೇಜರ್‌ಗೆ ವರ್ಗಾವಣೆ ಬಂತು. ನಮ್ಮ ಕಚೇರಿಗಳಲ್ಲಿ ಪ್ರಭಾರ ವಹಿಸಿಕೊಡುವುದು ಅಂದರೆ ಒಂದು ಹಾಳೆ, ಎರಡು ಸಹಿ. ಸೇನೆಯಲ್ಲಿ ಹಾಗಲ್ಲ. ಹೊಸ ಕಮಾಂಡರ್ ಜೊತೆ ಪೋಸ್ಟಿನಿಂದ ಪೋಸ್ಟಿಗೆ ನಡೆದು, ಎಣಿಸಿ, ತೋರಿಸಿ ಕೊಡಬೇಕು. ಅವರು ಬಾಕಿ ಉಳಿದ ಪ್ರತಿ ಮನೆಯ ಅರ್ಜಿಗೂ ಒಂದು ಪುಟ ಬರೆದರು: ಪರಿಸ್ಥಿತಿ ಏನು, ಏನು ಸಿಗಬೇಕು, ಯಾರ ಕಡೆ ಬಾಕಿ, ಯಾವ ದಾಖಲೆ ಎಲ್ಲಿದೆ, ಯಾರನ್ನು ಕೇಳಬೇಕು. ಅದೇ ಐದು ಭಾಗ. ಹೊಸ ತಹಶೀಲ್ದಾರರನ್ನು ಆ ಊರುಗಳಿಗೆ ಕರೆದುಕೊಂಡು ಹೋಗಿ, ಅರ್ಜಿದಾರರ ಎದುರಲ್ಲೇ ಆ ಪುಟಗಳನ್ನು ಒಪ್ಪಿಸಿದರು. ಅವುಗಳಲ್ಲಿ ಕೆಲವು ಅರ್ಜಿಗಳು ಮರುವರ್ಷ ತೀರ್ಮಾನವಾದವು. ಆ ನಮೂನೆಯನ್ನು ಆ ತಾಲ್ಲೂಕಿನ ಶಿರಸ್ತೇದಾರರ ಶಾಖೆ ಈಗಲೂ ಬಳಸುತ್ತಿದೆ.